ಅಕ್ಕುವಿನ ಕುತ್ತಿಗೆ

ಅಮ್ಮ ಬೆಳಿಗ್ಗೆಯಿಂದ ಮೂರನೆಯ ಸಲ ಸೀರೆ ಬದಲಾಯಿಸುತ್ತಿದ್ದಳು. ಒಳಗೆ ಟ್ರಂಕಿನ ಮುಚ್ಚಳ ಧಡ್ಡೆಂದು ಬಿದ್ದದ್ದು ಕೇಳಿ, ಜಗಲಿಯಲ್ಲಿ ಕೂತು ಚಾ ಕುಡಿಯುತ್ತಿದ್ದ ಕುಶಲಾಳಿಗೆ ಮೈಯೆಲ್ಲ ಉರಿದುಹೋಯಿತು. ಮೊದಲು ಉಟ್ಟದ್ದು ಕುಶಲಾ ಟೀಚರಾದ ಹೊಸತರಲ್ಲಿ ತಂದುಕೊಟ್ಟ ನೀಲಿ ಸೀರೆ. ಇಷ್ಟು ವರ್ಷವೂ ನುಸಿಗುಳಿಗೆಯ ವಾಸನೆ ಕುಡಿಯುತ್ತ ಟ್ರಂಕಿನಲ್ಲೇ ಬಿದ್ದುಕೊಂಡಿದ್ದದ್ದು. ಅದನ್ನು ಬಿಚ್ಚಿ ಮದುವೆಮನೆಗೆ ಉಡುವ ಹಸಿರು ಸೀರೆ. ಈಗ ಅದೂ ಬೇಡವಾಗಿ, ಮೊಣಕಾಲಿನ ತನಕ ಎತ್ತಿಕಟ್ಟಿ ಕಲ್ಲು ಹೊರುವಾಗ ಉಡುತ್ತಿದ್ದ ಕೆಂಪು ಚೌಕುಳಿ ಸೀರೆಯನ್ನೇ ಸುತ್ತಿಕೊಂಡು ಹೊರಗೆ ಬಂದು ನಿಂತಳು. "ಎಂತದಮ್ಮ ನಿನ್ನದು? ಸರಕಾರದ ಕಾರ್ಯಕ್ರಮಕ್ಕೆ ಈ ಹರಕು ಸೀರೆಯಾ?" ಎಂದು ಕುಶಲಾ ಸಿಡುಕಿದರೆ ಅಕ್ಕು ಸೆರಗನ್ನು ಸೊಂಟಕ್ಕೆ ಸಿಕ್ಕಿಸುತ್ತ ಶಾಂತವಾಗಿ, "ಕಲ್ಲಿನಲ್ಲಿ ಇರುವವಳು ಒಂದು ಸೀರೆ, ಎದುರು ನಿಂತವಳು ಇನ್ನೊಂದು ಸೀರೆ ಉಟ್ಟರೆ ಜನಕ್ಕೆ ಗುರುತು ಸಿಗುವುದು ಹೇಗೆ ಮಾರಾಯ್ತಿ?" ಎಂದಳು. ಮಾತಿನಲ್ಲಿ ಸುಳ್ಳಿರಲಿಲ್ಲ. ಕಾರ್ಕಳದ ಹೊಸ ಸರಕಾರಿ ಕಟ್ಟಡದ ಬಾಗಿಲಲ್ಲಿ ತಲೆಯ ಮೇಲೆ ಜಲ್ಲಿಬುಟ್ಟಿ ಹೊತ್ತ ಅಕ್ಕು ಕಲ್ಲಾಗಿ ನಿಂತಾಗಿದೆ. ಇವತ್ತು ಹನ್ನೊಂದು ಗಂಟೆಗೆ ಅವಳ ಮುಖದ ಮೇಲಿನ ಬಟ್ಟೆ ತೆಗೆಯುತ್ತಾರೆ. ಊರಿಗೆ ಊರೇ ನೋಡಲಿಕ್ಕೆ ಬರುತ್ತದೆ. ಕುಶಲಾಳಿಗೆ ಸಿಟ್ಟು ಬಂದದ್ದು ಸೀರೆಯ ಮೇಲಲ್ಲ. ಯಾವುದರ ಮೇಲೆ ಎಂದು ಕೇಳಿದರೆ ಅವಳಿಗೂ ಹೇಳಲಾಗುತ್ತಿರಲಿಲ್ಲ.

ನಿನ್ನೆ ಸಂಜೆ ಶಾಲೆಯಿಂದ ಬರುವಾಗ ಅಣ್ಣು ಆಚಾರಿಯ ಶಿಲ್ಪದ ಕೊಟ್ಟಿಗೆಗೆ ಹೊಕ್ಕದ್ದೇ ತಪ್ಪಾಯಿತು ಅನಿಸುತ್ತದೆ. ಮೂರ್ತಿಯನ್ನು ಆಗಲೇ ಗೋಣಿಯಲ್ಲಿ ಸುತ್ತಿ, ಹಗ್ಗ ಬಿಗಿದು, ಲಾರಿಗೆ ಏರಿಸಿ ಆಗಿತ್ತು. ಅಣ್ಣು ಆಚಾರಿ ಒಳ್ಳೆಯ ಮನುಷ್ಯ, ಮಾತುಗಾರ. ಎರಡು ತಿಂಗಳು ಅಮ್ಮನನ್ನು ಎದುರು ನಿಲ್ಲಿಸಿಕೊಂಡು ಕೆತ್ತುವಾಗ ಅವನ ಬಾಯಿ ಉಳಿಗಿಂತ ಜೋರಾಗಿ ನಡೆಯುತ್ತಿತ್ತು. ಕಡೆಯ ಹದಿನೈದು ದಿವಸ ಮಾತ್ರ, "ಇನ್ನು ಅಕ್ಕು ಬೇಡ, ನೋಡಿ ನೋಡಿ ಮನಸ್ಸಿನಲ್ಲಿ ಕೂತಿದೆ" ಎಂದು ಅವರನ್ನು ಬರಲೇ ಬಿಟ್ಟಿರಲಿಲ್ಲ. ನಿನ್ನೆ ಅವನು ಕುಶಲಾಳನ್ನು ಕಂಡದ್ದೇ ಲಾರಿಯ ಆಚೆ ಬದಿಗೆ ಸರಿದು ಹಗ್ಗದ ಗಂಟು ಪರೀಕ್ಷಿಸತೊಡಗಿದ. "ಮುಖ ಸರಿ ಬಂದಿದೆಯಾ ಆಚಾರ್ರೇ?" "ಮುಖಕ್ಕೆಂತ, ಚೆಂದ ಉಂಟು." "ಅಮ್ಮನ ಹಾಗೆ ಉಂಟಾ?" ಅವನು ಎಲೆಯಡಿಕೆ ಬಾಯಿಗೆ ತುಂಬಿಕೊಂಡ. ಬಾಯಿ ತುಂಬಿದವನಲ್ಲಿ ಉತ್ತರ ಕೇಳುವುದು ಹೇಗೆ? "ನಾಳೆ ನೋಡುತ್ತೀರಲ್ಲ ಟೀಚರ್" ಎಂಬುದನ್ನು ಕೈಸನ್ನೆಯಲ್ಲೇ ಹೇಳಿ ಒಳಗೆ ಹೋದ. ಕುಶಲಾ ಲಾರಿಯ ಹತ್ತಿರ ಹೋಗಿ ಗೋಣಿಯ ಸಂದಿನಲ್ಲಿ ಬೆರಳು ತೂರಿಸಿ ಮುಟ್ಟಿದಳು. ಸಿಕ್ಕಿದ್ದು ಪಾದ. ಎಡಗಾಲಿನ ಎರಡನೆಯ ಬೆರಳು ಹೆಬ್ಬೆರಳಿನ ಮೇಲೆ ಹತ್ತಿಕೊಂಡಿತ್ತು, ಅಮ್ಮನದ್ದೇ, ಕಲ್ಲು ಬಿದ್ದು ಮುರಿದು ಸೊಟ್ಟಗೆ ಕೂಡಿದ ಬೆರಳು. ಇಷ್ಟು ಸೂಕ್ಷ್ಮ ನೋಡಿದವನು ಮುಖ ಬಿಡುತ್ತಾನೆಯೇ ಎಂದು ಸಮಾಧಾನ ಮಾಡಿಕೊಂಡು ಮನೆಗೆ ಬಂದಿದ್ದಳು. ಆದರೂ ನಿದ್ದೆ ಬಂದಿರಲಿಲ್ಲ.

ಹೆದರುವುದೆಂತಕ್ಕೆ, ಕಾನೂನೇ ಉಂಟಲ್ಲ. ಎರಡು ವರ್ಷದ ಹಿಂದೆ ಇದೇ ಜಗಲಿಯಲ್ಲಿ, ಇದೇ ಚಾಪೆಯ ಮೇಲೆ ಕಾಲು ಮಡಚಿ ಕೂತು ದೇವಣ್ಣ ಅದನ್ನು ಓದಿ ಹೇಳಿದ್ದ. ದೇವಣ್ಣ ಎಂದರೆ ಈಗಿನ ಶಾಸಕ ದೇವದಾಸ. ಅಮ್ಮ ಒಕ್ಕಲಾಗಿ ದುಡಿದ ದೊಡ್ಡಮನೆಯ ಒಬ್ಬನೇ ಮಗ. "ಧಣಿ ಗಿಣಿ ಎಂತ ಬೇಡ, ಅಣ್ಣ ಅಂತ ಕರೆ" ಎಂದು ಅವನೇ ಹೇಳಿ ಅಭ್ಯಾಸ ಮಾಡಿಸಿದವನು. ಅಮ್ಮನ ನಾಲಿಗೆ ಮಾತ್ರ ಇವತ್ತಿಗೂ 'ಸಣ್ಣ ಧಣಿ' ಎಂದೇ ಹೊರಳುತ್ತದೆ. "ಸರಕಾರಿ ಕಟ್ಟಡದ ಎದುರು ಯಾರು ಇದ್ದಾರೆ ನೋಡಿ ಅಕ್ಕಕ್ಕ," ಎಂದಿದ್ದ ಅವನು, "ರಾಜ, ರಾಜನ ಕುದುರೆ, ಇಲ್ಲದಿದ್ದರೆ ಪೇಟ ಕಟ್ಟಿದ ದಿವಾನ. ಅಡಿಪಾಯಕ್ಕೆ ಕಲ್ಲು ಹೊತ್ತವರು ಯಾರು?" "ನಾನು," ಎಂದಿದ್ದಳು ಅಮ್ಮ, ತಮಾಷೆಗಲ್ಲ, ಹಾಜರಿ ಕರೆದಾಗ ಹೇಳುವ ಹಾಗೆ. ದೇವಣ್ಣನ ಕಣ್ಣಲ್ಲಿ ನೀರು ಬಂದಿತ್ತು. ಅವನಿಗೆ ಕಣ್ಣೀರು ಬೇಗ ಬರುತ್ತದೆ. ಇನ್ನು ಮುಂದೆ ರಾಜ್ಯದಲ್ಲಿ ಯಾವ ಸರಕಾರಿ ಕಟ್ಟಡ ಎದ್ದರೂ ಅದರ ಬಾಗಿಲಲ್ಲಿ ಆ ಊರಿನ ದುಡಿಯುವವರ ಒಂದು ಮೂರ್ತಿ ಇರಬೇಕು. ಅದೂ ಇಷ್ಟರ ತನಕ ಯಾರೂ ಪೀಠ ಹತ್ತಿಸದ ಜನರದ್ದು, ಒಂದು ಕಡೆ ಹೆಂಗಸರದ್ದಾದರೆ ಇನ್ನೊಂದು ಕಡೆ ಕೊರಗರದ್ದು, ಕಾಪುವಿನಲ್ಲಿ ಬಲೆ ಎಳೆಯುವವರದ್ದು, ಹೊಳೆಬದಿಯಲ್ಲಿ ದೋಣಿ ನಡೆಸುವ ಬ್ಯಾರಿಗಳದ್ದು. ಮಸೂದೆಯನ್ನು ಚೆಂದದ ಕನ್ನಡದಲ್ಲಿ ಶುದ್ಧಪ್ರತಿ ಮಾಡಿಕೊಟ್ಟವಳು ಕುಶಲಾಳೇ. 'ಗುರುತು ಸಿಗುವ ಮುಖ ಇರಬೇಕು, ಕೆಳಗೆ ಹೆಸರು ಇರಬೇಕು' ಎಂಬುದು ಅವಳೇ ಹಟಹಿಡಿದು ಸೇರಿಸಿದ ಮಾತು. ವಿಧಾನಸಭೆಯಲ್ಲಿ ಕೆಲವರು ನಕ್ಕರಂತೆ, ಹಾಗಾದರೆ ಮೀನು ಮಾರುವವಳನ್ನೂ ನಿಲ್ಲಿಸುವುದಾ ಎಂದರಂತೆ. ಕಡೆಗೆ ಕಾನೂನು ಪಾಸಾಗಿ ಬಂದಾಗ ಅದರಲ್ಲಿ ಮುಖವೂ ಇರಲಿಲ್ಲ, ಹೆಸರೂ ಇರಲಿಲ್ಲ; ದುಡಿಯುವ ಜನರನ್ನು ಪ್ರತಿನಿಧಿಸುವ ಒಂದು ಆಕೃತಿ ಇದ್ದರೆ ಸಾಕಿತ್ತು. ಕುಶಲಾ ಮುಖ ಸಣ್ಣದು ಮಾಡಿದ್ದಕ್ಕೆ ದೇವಣ್ಣ ನಕ್ಕಿದ್ದ. "ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಮಾರಾಯ್ತಿ. ಮೊದಲು ಪಾಸಾಯಿತಲ್ಲ. ಕಾರ್ಕಳದ್ದು ನನ್ನ ಕೈಯಲ್ಲೇ ಉಂಟು. ಅಕ್ಕಕ್ಕನದ್ದೇ ಮುಖ, ಅಕ್ಕಕ್ಕನದ್ದೇ ಹೆಸರು. ನಾನು ಮಾತು ಕೊಟ್ಟಿದ್ದೇನೆ."

ಆ ಮಾತನ್ನು ನಂಬದೆ ಇರುವುದು ಹೇಗೆ? ಎಪ್ಪತ್ತೈದರಲ್ಲಿ ಭೂಮಿಯ ಕೋರ್ಟಿನಲ್ಲಿ ಸ್ವಂತ ಅಪ್ಪನ ಎದುರೇ ನಿಂತು, ಹೌದು, ಅಕ್ಕು ನಮ್ಮ ಒಕ್ಕಲು, ಆ ಗದ್ದೆ ಅವಳೇ ದುಡಿದದ್ದು ಎಂದು ಸಾಕ್ಷಿ ಹೇಳಿದವನು ಅವನು. ಈಗ ಇವರು ಕೂತ ಈ ಜಗಲಿ, ಕುಕ್ಕುಂದೂರಿನ ಈ ಅರ್ಧ ಎಕರೆ, ಎಲ್ಲ ಆ ಒಂದು ಮಾತಿನಿಂದ ಬಂದದ್ದು. ಅವತ್ತಿನಿಂದ ಅವನ ತಾಯಿ, ದೊಡ್ಡಮನೆಯ ಧಣಿಯಮ್ಮ, ಮಗನ ಹತ್ತಿರ ಮಾತು ಬಿಟ್ಟವರು ಹೋದ ವರ್ಷ ಸಾಯುವ ತನಕ ಒಂದಕ್ಷರ ಆಡಲಿಲ್ಲ. ಧಣಿಯಮ್ಮ! ಏಳು ಕಲ್ಲಿನ ಮೂಗುಬೊಟ್ಟು, ತುಂಬು ಗಲ್ಲ, ತುಟಿ ಬಿಗಿಹಿಡಿದು ನಗುವ ಆ ನಗೆ. ಅಮ್ಮನ ಸೆರಗಿಗೆ ಅಕ್ಕಿ ಹಾಕುವಾಗ ಕೈಗೆ ಕೈ ತಾಗದ ಹಾಗೆ ಎತ್ತರದಿಂದ ಸುರಿಯುತ್ತಿದ್ದರು. ಒಮ್ಮೆ, ಕುಶಲಾಳಿಗೆ ಆರೋ ಏಳೋ ವರ್ಷ, ಅಮ್ಮ ಭತ್ತದ ಮೂಟೆ ಹೊತ್ತು ದೊಡ್ಡಮನೆಯ ಅಂಗಳಕ್ಕೆ ಬಂದಾಗ ಗಂಡಾಳುಗಳು ಯಾರೂ ಇರಲಿಲ್ಲ. ಹೊರೆ ಹೊರುವವರಿಗೆ ಒಂದು ಕ್ರಮ ಉಂಟು: ತಲೆಗೆ ಏರಿಸಲು ಒಬ್ಬರು ಬೇಕು, ಇಳಿಸಲು ಒಬ್ಬರು ಬೇಕು. ದಾರಿಯಲ್ಲಿ ಯಾರೇ ಆಗಲಿ, ಜಗಳವಾಡಿ ಮಾತು ಬಿಟ್ಟವರೇ ಆಗಲಿ, 'ಒಮ್ಮೆ ಇಳಿಸಿಕೊಡಿ' ಎಂದರೆ ಇಲ್ಲ ಎನ್ನುವಂತಿಲ್ಲ. ಧಣಿಯಮ್ಮ ಜಗಲಿಯಲ್ಲಿ ಕೂತು ಮಲ್ಲಿಗೆ ಕಟ್ಟುತ್ತಿದ್ದರು. ಅಮ್ಮ ಕೇಳಿದಳು. ಅವರು ತಲೆ ಎತ್ತಿ ಆ ನಗೆ ನಕ್ಕು, "ನಿಲ್ಲು ಅಕ್ಕು, ಯಾರಾದರೂ ಬರುತ್ತಾರೆ" ಎಂದು ಇನ್ನೊಂದು ಹೂ ತೆಗೆದುಕೊಂಡರು. ಮಾಲೆ ಮುಗಿಯುವ ತನಕವೂ ಅಮ್ಮ ನಿಂತೇ ಇದ್ದಳು. ಕುತ್ತಿಗೆಯ ನರ ಎದ್ದು ನಡುಗುವುದನ್ನು ಕುಶಲಾ ಕೆಳಗಿನಿಂದ ನೋಡುತ್ತಿದ್ದಳು. ಆಮೇಲೆ ಅವಳು ಕಂಡ ಎಷ್ಟೋ ಸಂಗತಿ ಮರೆತುಹೋಗಿದೆ, ಆ ನರ ಮರೆತಿಲ್ಲ.

"ಬಸ್ಸು ತಪ್ಪಿದರೆ ನಡೆದೇ ಹೋಗುವ, ಎಂತ ದೂರ," ಎಂದು ಅಮ್ಮ ಆಗಲೇ ಅಂಗಳಕ್ಕಿಳಿದಿದ್ದಳು. ರಸ್ತೆಯಲ್ಲಿ ಅವಳ ನಡಿಗೆ ನೋಡಿದರೆ ಈಗಲೂ ತಲೆಯ ಮೇಲೆ ಏನೋ ಇದೆ ಅನ್ನಬೇಕು. ಬೆನ್ನು ನೆಟ್ಟಗೆ, ಕೈ ಎರಡೂ ದೂರ, ಕಣ್ಣು ಮಾತ್ರ ನೆಲ ನೋಡುತ್ತ. ಈ ನಡಿಗೆಗೆ ಕುಶಲಾ ಎಷ್ಟು ನಾಚಿದ್ದಾಳೆ! ಹೊರೆ ಹೊರುವುದನ್ನು ಬಿಡಿಸಿದವಳೂ ಅವಳೇ. ಟೀಚರ್‌ನ ಅಮ್ಮ ಬುಟ್ಟಿ ಹೊರುವುದು ಬೇಡ, ನಾನು ದುಡಿಯುತ್ತೇನಲ್ಲ, ನೀನು ಕೂತು ಉಣ್ಣು. ಊರಿನವರು ಎಂಥ ಮಗಳು ಎಂದು ಹೊಗಳಿದರು. ಪ್ರೀತಿಯೇ ಅದು, ಅಲ್ಲವೆಂದು ಯಾರು ಹೇಳುತ್ತಾರೆ? ಆದರೆ ಕಾಪು ಶಾಲೆಯ ಆ ದಿನ ಉಂಟಲ್ಲ. ಕೆಲಸಕ್ಕೆ ಸೇರಿದ ಹೊಸತು. ಮಗಳು ಬಾಡಿಗೆ ಕೋಣೆಯಲ್ಲಿ ಹೊಟ್ಟೆಗೆ ಏನು ತಿನ್ನುತ್ತಾಳೋ ಎಂದು ಅಮ್ಮ ಹೊಸ ಕುಚ್ಚಲಕ್ಕಿಯ ಗಂಟು ತಂದು, ಬಸ್ಸಿಳಿದು, ತಲೆಯ ಮೇಲೆ ಹೊತ್ತು, ಮಧ್ಯಾಹ್ನದ ಬೆಲ್ಲಿನ ಹೊತ್ತಿಗೆ ಸೀದಾ ಶಾಲೆಯ ಅಂಗಳಕ್ಕೇ ಬಂದುಬಿಟ್ಟಳು. ಕುಶಲಾ ಕ್ಲಾಸಿನ ಬಾಗಿಲಲ್ಲಿದ್ದಳು. ಕಂಡಳು. ಕಂಡದ್ದೇ ಒಂದು ಹೆಜ್ಜೆ ಹಿಂದೆ ಸರಿದು ಬಾಗಿಲ ಹಿಂದೆ ನಿಂತಳು. ಯಾಕೆ ನಿಂತೆ ಎಂದು ತನ್ನನ್ನೇ ಎಷ್ಟು ಸಲ ಕೇಳಿಕೊಂಡರೂ ಉತ್ತರ ಅಡ್ಡಗೋಡೆಯ ಮೇಲಿನ ದೀಪ. ಹೆಡ್‌ಮಿಸ್ಟ್ರೆಸ್ ಮ್ಯಾಗ್ಡಲಿನ್ ಬಾಯಿಯವರು ಸೀಮೆಸುಣ್ಣದ ಕೈಯಲ್ಲೇ ಓಡಿಬಂದು, "ಅಯ್ಯೋ, ತಾಗೀತು, ಮೆಲ್ಲ" ಎನ್ನುತ್ತ ಗಂಟು ಇಳಿಸಿದರು. ಕುಶಲಾ ಅಷ್ಟಾದ ಮೇಲೆ ಬಂದು, "ಅರೇ ಅಮ್ಮ, ಯಾವಾಗ ಬಂದೆ?" ಎಂದಳು. ಅಮ್ಮ ಬೆವರು ಒರೆಸಿಕೊಳ್ಳುತ್ತ, "ಈಗ ಬಂದೆ" ಎಂದಳು. ಅಷ್ಟೇ. ಅಮ್ಮನಿಗೆ ಗೊತ್ತಾಗಲಿಲ್ಲ ಎಂದು ಕುಶಲಾ ನಂಬಿದ್ದಾಳೆ, ನಂಬದಿದ್ದರೆ ಆಕೆಗೆ ಅನ್ನ ಸೇರುತ್ತಿರಲಿಲ್ಲ.

ಅದಕ್ಕೇ ಇರಬೇಕು, ಅಣ್ಣು ಆಚಾರಿಯ ಕೊಟ್ಟಿಗೆಯ ಆ ಎರಡು ತಿಂಗಳು ಅವಳಿಗೆ ಏನೋ ತೀರಿಸಿದ ಹಾಗೆ ಅನಿಸಿತ್ತು. ಬರೀ ನಿಂತರೆ ಕುತ್ತಿಗೆ ಸರಿ ಬರುವುದಿಲ್ಲ, ಭಾರ ಬೇಕು ಎಂದ ಆಚಾರಿ. ಸರಿ, ಶಾಲೆ ಬಿಟ್ಟು ಬಂದ ಟೀಚರ್ ದಿನಾ ಸಂಜೆ ಜಲ್ಲಿಬುಟ್ಟಿಗೆ ಕೈಹಾಕಿ ಅಮ್ಮನ ತಲೆಗೆ ಏರಿಸುವುದು, ಮತ್ತೆ ಇಳಿಸುವುದು. ಏರಿಸುವಾಗ ಇಬ್ಬರ ಮುಖ ಎಷ್ಟು ಹತ್ತಿರ ಬರುತ್ತಿತ್ತೆಂದರೆ ಅಮ್ಮನ ಉಸಿರಿನ ವೀಳ್ಯದ ವಾಸನೆ ತಾಗುತ್ತಿತ್ತು. "ಹಾಂ, ಬಿಡು" ಎನ್ನುವಳು ಅಮ್ಮ, ಸಿಂಬಿಯ ಮೇಲೆ ಬುಟ್ಟಿ ಕೂತಕೂಡಲೇ. ಆ ಮಾತಿನಲ್ಲಿ ಎಂಥ ಗತ್ತು! ಅರುವತ್ತು ದಾಟಿದ ಹೆಂಗಸಿಗೆ ಹದಿನೆಂಟರ ಹುರುಪು ಬಂದಿತ್ತು. ಆಚಾರಿ ಹೇಳುತ್ತಿದ್ದ, "ನಮ್ಮಲ್ಲಿ ಜೀವ ಇದ್ದವರ ಮುಖ ಕಲ್ಲಿನಲ್ಲಿ ತೆಗೆಯುವ ಕ್ರಮ ಇಲ್ಲ ಟೀಚರ್, ಆಯುಷ್ಯ ಕಮ್ಮಿ ಅಂತ ಹಿರಿಯರು ಹೇಳುತ್ತಾರೆ. ಆದರೆ ಸರಕಾರದ ಕೆಲಸ ಉಂಟಲ್ಲ, ಕಣ್ಣು ಮಾತ್ರ ಕಡೆಗೆ ತೆಗೆಯುವ." ಅಮ್ಮ ಬುಟ್ಟಿ ಹೊತ್ತಲ್ಲಿಂದಲೇ ನಕ್ಕಿದ್ದಳು. "ನನ್ನ ಆಯುಷ್ಯ ಮುಗಿಸಲಿಕ್ಕೆ ನಿನ್ನ ಉಳಿ ಸಾಕಾಗ್ಲಿಕ್ಕಿಲ್ಲ ಆಚಾರಿ. ಮುಖ ತೆಗೆ." ಆಮೇಲೆ ಒಂದು ದಿನ ಬುಟ್ಟಿ ಇಳಿಸುವಾಗ ಅವಳ ಕತ್ತು ತಿರುಗಲಿಲ್ಲ. ಎಡಗೈ ಜೋಮು ಹಿಡಿಯಿತು. ದೇವಣ್ಣ ತನ್ನ ಜೀಪಿನಲ್ಲೇ ಮಣಿಪಾಲಕ್ಕೆ ಕರೆದುಕೊಂಡು ಹೋದ. ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಕುತ್ತಿಗೆಯ ಎಲುಬು ಸವೆದುಹೋಗಿದೆ, ಇವರು ಇಷ್ಟು ವರ್ಷ ಏನು ಹೊತ್ತಿದ್ದು ಎಂದು ಇಂಗ್ಲಿಷಿನಲ್ಲಿ ಕೇಳಿದರು.

ವಾಪಸು ಬರುವಾಗ ಅಮ್ಮ ಹಿಂದಿನ ಸೀಟಿನಲ್ಲಿ ಮದ್ದಿನ ಮಂಪರಿಗೆ ಮಲಗಿದ್ದಳು. ಮುಂದೆ ದೇವಣ್ಣನ ಪಕ್ಕ ಕೂತ ಕುಶಲಾ, ಯಾರೂ ಕೇಳದಿದ್ದರೂ, ಹೇಳಿದಳು: "ದೇವಣ್ಣ, ಅಮ್ಮನ ಮುಖ ಬೇಡವೇನೋ. ಬದುಕಿದವರದ್ದು ಕೆತ್ತಬಾರದಂತೆ. ಹೀಗೆಲ್ಲ ಆದ ಮೇಲೆ ನನಗೆ ಹೆದರಿಕೆ ಆಗುತ್ತದೆ." ದೇವಣ್ಣ ಗೇರು ಬದಲಾಯಿಸುತ್ತ ಅವಳ ಕಡೆ ನೋಡಿ, "ನೀನು ಹೇಳಿದ್ದು ಸರಿ, ಯೋಚನೆ ಮಾಡುವ" ಎಂದಿದ್ದ. ಎರಡು ದಿನ ಕಳೆದು ಅಮ್ಮ ಎದ್ದು ಕೂತಾಗ ಕುಶಲಾಳ ಹೆದರಿಕೆಯೂ ಇಳಿಯಿತು. ಇವಳು ದೇವಣ್ಣನಿಗೆ ಹೇಳಿಕಳಿಸಿದಳು, ಆವತ್ತು ಏನೋ ಬಾಯಿಗೆ ಬಂದದ್ದು ಹೇಳಿದೆ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದು. ಹಾಗಾದರೆ ಹೆದರಿಕೆ ಮಾತ್ರವೇ ಅದು? ನಾಳೆ ತನ್ನ ಶಾಲೆಯ ಮಕ್ಕಳು, ಮಕ್ಕಳ ಅಪ್ಪ ಅಮ್ಮ, ತನ್ನ ಜೊತೆಯ ಟೀಚರುಗಳು ಎಲ್ಲ ಆ ಬಾಗಿಲಲ್ಲಿ ಹೊಕ್ಕುವಾಗ, ನೋಡು, ಕುಶಲಾ ಟೀಚರ್‌ನ ಅಮ್ಮ, ಬುಟ್ಟಿ ಹೊತ್ತವಳು ಎಂದು ಬೆರಳು ತೋರಿಸುವುದು ಕಣ್ಣಿಗೆ ಕಟ್ಟಲಿಲ್ಲವೇ? ಥೂ, ಇಲ್ಲ. ಅಮ್ಮನ ಜೀವಕ್ಕೆ ಹೆದರಿದ್ದು ನಿಜ. ಅದು ನಿಜವೇ.

ಹೊಸ ಕಟ್ಟಡದ ಎದುರು ಶಾಮಿಯಾನ ಹಾಕಿದ್ದರು. ಬಜಗೋಳಿ ಕಡೆಯ ಬಸ್ಸುಗಳೆಲ್ಲ ಅಲ್ಲೇ ನಿಂತು ಜನ ಇಳಿಸುತ್ತಿದ್ದವು. ಬಾಗಿಲಿನ ಬಲಬದಿಯಲ್ಲಿ, ಎದೆಮಟ್ಟದ ಪೀಠದ ಮೇಲೆ, ಹಳದಿ ಬಟ್ಟೆ ಮುಚ್ಚಿದ ಮೂರ್ತಿ. ಅಕ್ಕುವನ್ನು ಎದುರಿನ ಸಾಲಿನಲ್ಲಿ ಕೂರಿಸಿದರು. ಅವಳು ಕುರ್ಚಿಯ ತುದಿಯಲ್ಲಿ ಕೂತು ಕೆಂಪು ಚೌಕುಳಿ ಸೀರೆಯ ನೆರಿಗೆ ಮತ್ತೆ ಮತ್ತೆ ಸರಿಮಾಡಿಕೊಂಡಳು. ಜನ ಅವಳನ್ನೂ ಬಟ್ಟೆ ಮುಚ್ಚಿದ ಮೂರ್ತಿಯನ್ನೂ ಒಟ್ಟಿಗೆ ನೋಡುತ್ತಿದ್ದರು. ಪ್ರಾರ್ಥನೆ ಆಯಿತು, ಸ್ವಾಗತ ಆಯಿತು, ದೇವಣ್ಣ ಎದ್ದು ಬಂದು ದಾರ ಎಳೆದ. ಬಟ್ಟೆ ಒಮ್ಮೆ ಬುಟ್ಟಿಗೆ ಸಿಕ್ಕಿಕೊಂಡಿತು. ಪಾದ ಕಂಡಿತು, ಎತ್ತಿಕಟ್ಟಿದ ಸೀರೆ ಕಂಡಿತು, ಸೊಂಟ, ತೋಳು, ಆ ಕುತ್ತಿಗೆ. ಎದ್ದುನಿಂತ ನರವನ್ನು ಕೂಡ ಆಚಾರಿ ಬಿಟ್ಟಿರಲಿಲ್ಲ. ಯಾರೋ ಕೋಲಿನಿಂದ ಬಟ್ಟೆಯನ್ನು ಎತ್ತಿ ಬಿಡಿಸಿದರು. ಕುತ್ತಿಗೆಯ ಮೇಲೆ ತುಂಬು ಗಲ್ಲದ ಒಂದು ಮುಖ ಇತ್ತು. ಏಳು ಕಲ್ಲಿನ ಮೂಗುಬೊಟ್ಟು. ತುಟಿ ಬಿಗಿಹಿಡಿದು ನಕ್ಕ ನಗೆ. ಚಪ್ಪಾಳೆ ಬಿತ್ತು.

ಮೊದಲು ಮಾತಾಡಿದ್ದು ಅಕ್ಕು. ಮಾತಲ್ಲ, ನಗು. ಚಪ್ಪಾಳೆ ನಿಂತ ಮೌನದಲ್ಲಿ ಅವಳ ನಗು ಇಡೀ ಶಾಮಿಯಾನಕ್ಕೆ ಕೇಳಿತು. "ಅರೇ, ಇದು ನಮ್ಮ ಧಣಿಯಮ್ಮ ಅಲ್ವಾ! ಕಡೆಗಾದರೂ ಒಂದು ಬುಟ್ಟಿ ಹೊತ್ತರಲ್ಲ ಮಾರಾಯ್ರೇ!" ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅಕ್ಕು ಎದ್ದು ಪೀಠದ ಹತ್ತಿರ ಹೋಗಿ ಕಲ್ಲಿನ ಸೊಟ್ಟ ಬೆರಳನ್ನು ಮುಟ್ಟಿ ನೋಡಿ, ತನ್ನ ಕಾಲನ್ನು ನೋಡಿ, ಮತ್ತೆ ನಕ್ಕಳು. ಸಿಟ್ಟಿನ ನಗು, ಅಭಿಮಾನದ ನಗು; ಅವಳನ್ನು ಯಾರೂ ಸೋಲಿಸಿರಲಿಲ್ಲ ಇನ್ನೂ. ಕುಶಲಾಳಿಗೆ ಆ ಕ್ಷಣ ಅಮ್ಮನನ್ನು ಹೋಗಿ ಅಪ್ಪಿಕೊಳ್ಳಬೇಕು ಅನಿಸಿತು. ಇಬ್ಬರೂ ಸೇರಿ ಇಲ್ಲೇ, ಈ ಜನರ ಎದುರೇ, ದೇವಣ್ಣನ ನೀರಿಳಿಸಿ ಕೈಹಿಡಿದುಕೊಂಡು ಮನೆಗೆ ಹೋಗಬಹುದಿತ್ತು. ಅವಳು ಕುರ್ಚಿಯಿಂದ ಎದ್ದೂ ಎದ್ದಿದ್ದಳು.

ಆಗ ದೇವಣ್ಣ ಮೈಕು ಹಿಡಿದ. ಅವನ ಕಣ್ಣಲ್ಲಿ ನಿಜವಾದ ನೀರು. "ಅಕ್ಕಕ್ಕ ನಗುತ್ತಿದ್ದಾರೆ, ಅದು ಅವರ ದೊಡ್ಡ ಮನಸ್ಸು. ಇದರಲ್ಲಿ ಅವರ ಮುಖವೇ ಇರಬೇಕಿತ್ತು. ಆದರೆ ಅವರ ಮಗಳು, ನಮ್ಮ ಕುಶಲಾ ಟೀಚರ್, ನನ್ನ ಹತ್ತಿರ ಬಂದು ಬೇಡಿಕೊಂಡರು. ಅಮ್ಮ ಬದುಕಿದ್ದಾಳೆ, ಅಮ್ಮನ ಮುಖ ಬೇಡ ಅಂದರು. ಒಬ್ಬ ಮಗಳ ಮಾತನ್ನು ನಾನು ಮೀರುವುದು ಹೇಗೆ? ನಾನೂ ಒಬ್ಬ ತಾಯಿಯ ಮಗ. ನನ್ನ ತಾಯಿಗೆ ನಾನು ಬಹಳ ನೋವು ಕೊಟ್ಟಿದ್ದೇನೆ. ಅವರೂ ಈ ಮಣ್ಣಿನ ಹೆಣ್ಣೇ ಅಲ್ವಾ?" ಜನ ಈಗ ಮೊದಲಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು. ಕೆಲವು ಹೆಂಗಸರು ಕಣ್ಣೊರೆಸಿಕೊಂಡರು. ಅಕ್ಕುವಿನ ಕೈ ಇನ್ನೂ ಕಲ್ಲಿನ ಬೆರಳಿನ ಮೇಲಿತ್ತು. ಅವಳು ದೇವಣ್ಣನ ಕಡೆ ನೋಡಲೇ ಇಲ್ಲ. ಮೆಲ್ಲ ತಿರುಗಿ ಸಾಲಿನಲ್ಲಿ ಮಗಳು ಎಲ್ಲಿದ್ದಾಳೆಂದು ಹುಡುಕಿದಳು. ಕಣ್ಣು ಕೂಡಿದ್ದೇ ಕುಶಲಾ ಕೂತುಬಿಟ್ಟಳು. ಎದ್ದವಳು ಯಾಕೆ ಕೂತೆ? ಅಮ್ಮನ ಮುಖದಲ್ಲಿ ನಗು ಎಲ್ಲೂ ಉಳಿದಿರಲಿಲ್ಲ.

ಲಾಡು ಚಾ ಹಂಚುವ ಗಲಾಟೆಯಲ್ಲಿ ಕುಶಲಾ ದೇವಣ್ಣನನ್ನು ಶಾಮಿಯಾನದ ಹಿಂದೆ ಹಿಡಿದಳು. ಇಡೀ ಜನ್ಮದ ಬೈಗುಳ ಬಾಯಿಗೆ ಬಂದಿತ್ತು, ಹೊರಟದ್ದು, "ನೀವು ಹೀಗೆ ಮಾಡಬಹುದಾ ದೇವಣ್ಣ?" ಎಂಬ ಒಂದು ಬಡಪಾಯಿ ಪ್ರಶ್ನೆ. ಅವನು ಎರಡೂ ಕೈಯಲ್ಲಿ ಅವಳ ಕೈ ಹಿಡಿದುಕೊಂಡ. "ನೀನೇ ಹೇಳಿದ್ದಲ್ವಾ ಕುಶಲಾ? ಜೀಪಿನಲ್ಲಿ?" "ಆಮೇಲೆ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಅಂತ ಹೇಳಿಕಳಿಸಿದ್ದೆನಲ್ಲ?" "ಹೇಳಿಕಳಿಸಿದ್ದಿ. ಆದರೆ ಮನಸ್ಸಿನ ಮಾತು ಯಾವುದು ಅಂತ ನನಗೆ ಆವತ್ತೇ ಗೊತ್ತಾಗಿತ್ತು." ಅವನು ಸ್ವರ ತಗ್ಗಿಸಿದ. "ನಿನಗೂ ಒಳ್ಳೆಯದೇ ಆಯಿತು. ನಾಳೆ ಈ ಬಾಗಿಲಲ್ಲಿ ನೀನು ತಲೆ ಎತ್ತಿ ಹೋಗಬಹುದು. ಮತ್ತೆ, ಕುತ್ತಿಗೆಯಿಂದ ಕೆಳಗೆ ಎಲ್ಲ ಅಕ್ಕಕ್ಕನೇ ಅಲ್ವಾ? ಕಾನೂನಿಗೆ ಅಷ್ಟು ಸಾಕು." ಹತ್ತು ವರ್ಷ ಅಣ್ಣ ಎಂದು ಕರೆದವನು ತನ್ನ ಒಳಗನ್ನು ಇಷ್ಟು ಸರಿಯಾಗಿ ಓದಿಕೊಂಡಿದ್ದಾನೆ, ಓದಿ ಹೀಗೆ ಬಳಸಿದ್ದಾನೆ! ಉಂಡ ಮನೆಯ ಗಳ ಎಣಿಸುವುದೆಂದರೆ ಇದೇ. ಅವಳಿಗೆ ಅವನ ಮುಖಕ್ಕೆ ಉಗಿಯಬೇಕೆನಿಸಿತು. ಅವನ ಮಾತು ಸುಳ್ಳೆಂದು ಹೇಳಲು ಎರಡು ಸಲ ಬಾಯಿ ತೆರೆದಳು. ಅಷ್ಟರಲ್ಲಿ ಯಾರೋ ಅವನನ್ನು ಕರೆದರು, ಅವನು ಹೋದ.

ಹೊರಗೆ ಬಂದಾಗ ಅಮ್ಮ ಕುರ್ಚಿಯಲ್ಲಿ ಇರಲಿಲ್ಲ. ಅವಳಿಗೆ ಹೊದೆಸಿದ ಶಾಲು, ಕೊಟ್ಟ ತೆಂಗಿನಕಾಯಿ ಎರಡೂ ಪೀಠದ ಮೇಲೆ ಧಣಿಯಮ್ಮನ ಕಾಲಬುಡದಲ್ಲಿದ್ದವು. ಕುಶಲಾ ಗಾಬರಿಯಿಂದ ಪೇಟೆಯತ್ತ ಓಡುನಡಿಗೆಯಲ್ಲಿ ಹೋದಳು. ಬಸ್‌ಸ್ಟ್ಯಾಂಡಿನ ಬಳಿ ಶೇಕಬ್ಬನ ಅಕ್ಕಿ ಅಂಗಡಿಯ ಎದುರು ಆ ಕೆಂಪು ಚೌಕುಳಿ ಕಂಡಿತು. ಶೇಕಬ್ಬ ಇವರಿಗೆ ಇಪ್ಪತ್ತು ವರ್ಷದ ಪರಿಚಯ. ತಿಂಗಳ ಅಕ್ಕಿಯನ್ನು ಕುಶಲಾ ಅಲ್ಲಿಂದಲೇ ಕೊಂಡು ರಿಕ್ಷಾದಲ್ಲಿ ಹಾಕಿ ತರುವುದು. ಅಮ್ಮ ಅಕ್ಕಿಯನ್ನು ಗೋಣಿಯಲ್ಲಿ ಕಟ್ಟಿಸಿ ಆಗಿತ್ತು. ಹೆಗಲ ಮೇಲಿನ ಬೈರಾಸು ಬಟ್ಟೆಯನ್ನು ಸುತ್ತಿ ಸಿಂಬಿ ಮಾಡುತ್ತಿದ್ದಳು. "ಅಮ್ಮ, ಎಂತ ಮಾಡುತ್ತಿದ್ದಿ? ಡಾಕ್ಟರು ಎಂತ ಹೇಳಿದ್ದಾರೆ ನಿನಗೆ? ನಿಲ್ಲು, ರಿಕ್ಷಾ ತರುತ್ತೇನೆ," ಎಂದಳು ಕುಶಲಾ ಏದುಸಿರು ಬಿಡುತ್ತ. ಅಮ್ಮನಿಗೆ ಕೇಳಿಸಿದ ಲಕ್ಷಣವಿರಲಿಲ್ಲ. ಸಿಂಬಿಯನ್ನು ನೆತ್ತಿಯ ಮೇಲಿಟ್ಟು ಒತ್ತಿ ನೋಡಿ ಗೋಣಿಯ ಒಂದು ತುದಿಗೆ ಕೈಹಾಕಿದಳು. ಕುಶಲಾ ಕೈಚೀಲ ಅಲ್ಲೇ ನೆಲಕ್ಕೆ ಬಿಟ್ಟು, ಸೆರಗು ಸಿಕ್ಕಿಸಿ, ಇನ್ನೊಂದು ತುದಿ ಹಿಡಿಯಲು ಬಾಗಿದಳು. ರಸ್ತೆಯಲ್ಲಿ ಅವಳ ಶಾಲೆಯ ಹುಡುಗಿಯರು ಹೋಗುತ್ತಿದ್ದರು. ನೋಡಲಿ, ಎಲ್ಲರೂ ನೋಡಲಿ. ಅಮ್ಮ ಗೋಣಿಯನ್ನು ತನ್ನ ಕಡೆಗೆ ಎಳೆದುಕೊಂಡಳು.

"ಶೇಕಬ್ಬಣ್ಣ," ಎಂದು ಕೂಗಿದಳು. "ಬನ್ನಿ, ಒಮ್ಮೆ ಎತ್ತಿಕೊಡಿ."

ಶೇಕಬ್ಬ ತಕ್ಕಡಿ ಬಿಟ್ಟು ಇಳಿದು ಬಂದವನು ಇಬ್ಬರನ್ನೂ ನೋಡಿ ಗೊಂದಲದಿಂದ ನಿಂತ. "ಮಗಳು ಇಲ್ಲೇ ಇದ್ದಾರಲ್ಲ ಅಕ್ಕಾ?"

"ಇಲ್ಲ," ಎಂದಳು ಅಕ್ಕು. "ಅವಳು ಬಾಗಿಲ ಹಿಂದೆ ಉಂಟು."

ಶೇಕಬ್ಬ ಆಚೀಚೆ ನೋಡಿದ. ಅಲ್ಲಿ ಬಾಗಿಲು ಎಂಬುದೇ ಇರಲಿಲ್ಲ, ಹಲಗೆ ತೆಗೆದಿಟ್ಟ ಅಂಗಡಿ, ಎದುರು ರಸ್ತೆ, ಬಿಸಿಲು. ಕುಶಲಾಳ ಕೈಗಳು ಚಾಚಿದಲ್ಲೇ ಇದ್ದವು. ಕೇಳಿದವರಿಗೆ ಇಲ್ಲ ಎನ್ನುವಂತಿಲ್ಲವಲ್ಲ, ಶೇಕಬ್ಬ ಬಾಗಿ ಗೋಣಿ ಎತ್ತಿದ. ಇಬ್ಬರ ಮುಖ ಹತ್ತಿರ ಬಂತು. ಗೋಣಿ ಸಿಂಬಿಯ ಮೇಲೆ ಕೂತಿತು.

"ಹಾಂ, ಬಿಡಿ," ಎಂದಳು ಅಕ್ಕು, ಮತ್ತು ಕುಕ್ಕುಂದೂರಿನ ರಸ್ತೆ ಹಿಡಿದು ನಡೆದಳು.